ಮನೆಯಲ್ಲೇ ಕಲಿಕೆ: ಮೂರು ಮಕ್ಕಳಿಗೆ ಒಂದೇ ಜಮಖಾನ ಹಾಸುವ ಬಗೆ

ಪಠ್ಯಕ್ರಮ ಇಟ್ಟುಕೊಳ್ಳದೆ ಮಕ್ಕಳಿಗೆ ಮನೆಯಲ್ಲೇ ಕಲಿಸಲು ಹೊರಟವರು ಬಹುಪಾಲು ಒಂದೇ ಕಡೆ ಎಡವುತ್ತಾರೆ. ಪುಸ್ತಕದ ಜೊತೆಗೆ ಹೊತ್ತನ್ನೂ ಕೈಬಿಟ್ಟುಬಿಡುತ್ತಾರೆ. ಎದ್ದಾಗ ಎದ್ದರು, ತಿಂದಾಗ ತಿಂದರು, ಮನಸ್ಸಾದಾಗ ಓದಿದರು ಅನ್ನುವ ಹಾಗೆ ಎರಡು ತಿಂಗಳು ಸಾಗುತ್ತದೆ. ಮೂರನೇ ತಿಂಗಳಿಗೆ ದೊಡ್ಡವರಿಗೆ ಭಯ ಹತ್ತುತ್ತದೆ. ಅಂಗಡಿಗೆ ಓಡಿ ಮೂವರಿಗೂ ಗೈಡು, ವರ್ಕ್‌ಬುಕ್ಕು ತಂದು ಮನೆಯೊಳಗೇ ಒಂದು ಪುಟ್ಟ ಶಾಲೆ ತೆರೆಯುತ್ತಾರೆ. ಮಕ್ಕಳು ಎರಡಕ್ಕೂ ಒಗ್ಗುವುದಿಲ್ಲ. ಏನು ಕಲಿಯಬೇಕು ಅನ್ನುವುದನ್ನು ಎಷ್ಟು ಬೇಕಾದರೂ ಸಡಿಲ ಬಿಡಿ, ಆದರೆ ಯಾವಾಗ ಕೂರಬೇಕು ಅನ್ನುವುದನ್ನು ಬಿಡಬೇಡಿ. ಮುಂದೆ ಹೇಳುವುದೆಲ್ಲ ಈ ಒಂದು ಮಾತಿನ ಮೇಲೆ ನಿಂತಿದೆ.

ಲೆಕ್ಕಕ್ಕೆ 12ರ ಮಗಳು, 8ರ ಮಗ, 5ರ ಕಿರಿಮಗಳು ಇರುವ ಮನೆಯನ್ನು ಇಟ್ಟುಕೊಳ್ಳೋಣ. ಇಬ್ಬರಿದ್ದರೂ ನಾಲ್ವರಿದ್ದರೂ ಬಗೆ ಇದೇ.

ಶಾಲೆ ಬಿಡಿಸಿದ ಮೊದಲ ವಾರಗಳು

ಶಾಲೆಗೆ ಹೋಗಿ ಬಂದ ಮಗು ಮನೆಗೆ ಬಂದ ಕೂಡಲೇ ಕುತೂಹಲದಿಂದ ಪುಸ್ತಕ ತೆಗೆಯುವುದಿಲ್ಲ. ಮಲಗುತ್ತದೆ, ಬೇಜಾರು ಅನ್ನುತ್ತದೆ, ತಮ್ಮನ ಜೊತೆ ಜಗಳ ಆಡುತ್ತದೆ. ಶಾಲೆಯಲ್ಲಿ ಕಳೆದ ಒಂದೊಂದು ವರ್ಷಕ್ಕೆ ಒಂದೊಂದು ತಿಂಗಳು ಸುಧಾರಿಸಿಕೊಳ್ಳಲು ಬಿಡಬೇಕು ಅನ್ನುವುದು ಮನೆಕಲಿಕೆಯವರಲ್ಲಿ ರೂಢಿಯಲ್ಲಿರುವ ಲೆಕ್ಕ. ಆರು ವರ್ಷ ಶಾಲೆ ಕಂಡ ದೊಡ್ಡವಳಿಗೆ ಆರು ತಿಂಗಳು ಅಂದರೆ ಎದೆ ಝಲ್ಲೆನ್ನಬಹುದು. ಇಷ್ಟೂ ದಿನ ಸುಮ್ಮನಿರಬೇಕು ಅಂತೇನಿಲ್ಲ. ಈ ಅವಧಿಯಲ್ಲಿ ನೋಟ್ಸು, ಪರೀಕ್ಷೆ, ಪ್ರಶ್ನೋತ್ತರ ಮೂರನ್ನೂ ನಿಲ್ಲಿಸಿ, ನಿದ್ದೆ, ಊಟ, ಗಟ್ಟಿಯಾಗಿ ಓದಿ ಹೇಳುವ ಹೊತ್ತು ಇವು ಮೂರನ್ನು ದಿನವೂ ಒಂದೇ ಸಮಯಕ್ಕೆ ತನ್ನಿ. ಮಗು ತಾನಾಗಿ ಒಂದು ಕೆಲಸ ಹಿಡಿದು, ನೀವು ಊಟಕ್ಕೆ ಕರೆದಾಗ “ಇನ್ನೊಂದೈದು ನಿಮಿಷ ಅಮ್ಮ” ಅನ್ನತೊಡಗಿದರೆ ಸುಧಾರಿಸಿದೆ ಅಂತ ತಿಳಿಯಿರಿ. ಆಮೇಲೆ ಲೆಕ್ಕ ಸೇರಿಸಿ. ಶಾಲೆಯನ್ನೇ ಕಾಣದ ಐದರ ಮಗುವಿಗೆ ಈ ವಿರಾಮ ಬೇಕಿಲ್ಲ.

ಜಮಖಾನದ ಹೊತ್ತು

ತಿಂಡಿ ಮುಗಿದ ಕೂಡಲೇ, ಒಂಬತ್ತಕ್ಕೆ ಅಂತಿಟ್ಟುಕೊಳ್ಳಿ, ಹಜಾರದಲ್ಲಿ ಜಮಖಾನ ಹಾಸಿ. ಹಾಸುವುದೇ ಗಂಟೆ ಬಾರಿಸಿದ ಹಾಗೆ. ಮೇಜು ಕುರ್ಚಿಗಿಂತ ಜಮಖಾನ ಮೇಲು. ಐದರ ಮಗು ಮಲಗಿಕೊಂಡು ಕೇಳಬಹುದು, ಹನ್ನೆರಡರವಳು ಗೋಡೆಗೊರಗಿ ಕೂರಬಹುದು. ಹಸಿದ ಹೊಟ್ಟೆಯಲ್ಲಿ ಕೂರಿಸಬೇಡಿ, ಸ್ನಾನ ಆಗಲಿ ಅಂತ ಕಾಯಬೇಡಿ. ಮೂವರ ಸ್ನಾನ ಕಾಯುತ್ತಾ ಕೂತರೆ ಹನ್ನೊಂದಾಗುತ್ತದೆ.

ಮೊದಲ 20 ನಿಮಿಷ ಗಟ್ಟಿಯಾಗಿ ಓದಿ. ಪುಸ್ತಕವನ್ನು ನಡುವಿನ ಮಗುವಿನ ಮಟ್ಟಕ್ಕೆ ಆರಿಸಿ. ಚಿಕ್ಕವಳಿಗೆ ಅರ್ಧ ಅರ್ಥವಾಗಿ ಉಳಿದದ್ದು ಕಿವಿಯಲ್ಲಿ ಕೂರುತ್ತದೆ, ದೊಡ್ಡವಳಿಗೆ ಅದು ಆರಾಮದ ಓದು. ಕೈಗೆ ಕೆಲಸ ಕೊಡಿ: ಚಿಕ್ಕವಳಿಗೆ ಒಂದು ಮೊರದಲ್ಲಿ ಬೆರೆಸಿದ ಹೆಸರುಕಾಳು, ಅಲಸಂದೆ, ಕಡಲೆ ಬೇರ್ಪಡಿಸುವುದು, ನಡುವಿನವನಿಗೆ ಜೇಡಿಮಣ್ಣು, ದೊಡ್ಡವಳಿಗೆ ಕತೆಯಲ್ಲಿ ಬಂದ ಊರಿನ ನಕ್ಷೆ ಬರೆಯುವುದು. ಕೈ ಖಾಲಿ ಇದ್ದ ಮಗು ಪಕ್ಕದವರನ್ನು ಚಿವುಟುತ್ತದೆ. ಕತೆ ಕುತೂಹಲ ಹಿಡಿಯುವ ಕಡೆ ಪುಸ್ತಕ ಮುಚ್ಚಿ, ನಾಳೆ ಜಮಖಾನಕ್ಕೆ ಕರೆಯುವ ಕೆಲಸ ಅರ್ಧ ಆಯಿತು.

ಓದಿದ್ದನ್ನು ತಿರುಗಿ ಹೇಳಿಸಿ. ಇಲ್ಲಿ ಸರದಿ ಮುಖ್ಯ: ಮೊದಲು ಚಿಕ್ಕವಳು, ಆಮೇಲೆ ನಡುವಿನವನು, ಕೊನೆಗೆ ದೊಡ್ಡವಳು. ದೊಡ್ಡವಳು ಮೊದಲು ಹೇಳಿದರೆ ಎಲ್ಲ ಹೇಳಿ ಮುಗಿಸುತ್ತಾಳೆ, ಉಳಿದಿಬ್ಬರು “ಅಕ್ಕ ಹೇಳಿದ್ದೇ” ಅಂದು ತಪ್ಪಿಸಿಕೊಳ್ಳುತ್ತಾರೆ. ಚಿಕ್ಕವಳು ಎರಡು ವಾಕ್ಯ ಹೇಳಿದರೆ ಸಾಕು. ಬಿಟ್ಟುಹೋದದ್ದನ್ನು ನಡುವಿನವನು ಸೇರಿಸುತ್ತಾನೆ. “ಯಾಕೆ ಹಾಗೆ ಮಾಡಿದ ಅಂತೀಯ?” ಅನ್ನುವ ಪ್ರಶ್ನೆ ದೊಡ್ಡವಳಿಗೆ. ನೀತಿ ಏನು ಅಂತ ಕೇಳಬೇಡಿ. ಕೇಳಿದ ದಿನದಿಂದ ಕತೆ ಪಾಠವಾಗುತ್ತದೆ.

ಪುಸ್ತಕಕ್ಕೆ ದುಡ್ಡು ಸುರಿಯಬೇಕಿಲ್ಲ. ಬೆಂಗಳೂರಿನ ಪ್ರಥಮ್ ಬುಕ್ಸ್ ಸಂಸ್ಥೆಯ ಸ್ಟೋರಿವೀವರ್ ತಾಣದಲ್ಲಿ ಮಟ್ಟ ಗುರುತಿಸಿದ ಕನ್ನಡ ಕತೆಗಳು ಉಚಿತವಾಗಿ ಸಿಗುತ್ತವೆ, ಮುದ್ರಿಸಿಕೊಳ್ಳಲೂಬಹುದು. ಹಳ್ಳಿಯಲ್ಲಿದ್ದರೆ ಗ್ರಾಮ ಪಂಚಾಯಿತಿಯ ಗ್ರಂಥಾಲಯಕ್ಕೆ, ಈಗ ಅದಕ್ಕೆ ಅರಿವು ಕೇಂದ್ರ ಅನ್ನುತ್ತಾರೆ, ವಾರಕ್ಕೊಂದು ದಿನ ಮೂವರನ್ನೂ ಕರೆದೊಯ್ಯಿರಿ. ಅಲ್ಲಿ ಪುಸ್ತಕವನ್ನು ಮಕ್ಕಳೇ ಆರಿಸಲಿ.

ಒಬ್ಬರೇ ದೊಡ್ಡವರು, ಮೂರು ಮಟ್ಟದ ಮಕ್ಕಳು

ಬೇರೆ ಬೇರೆ ಮಟ್ಟದ ಮಕ್ಕಳನ್ನು ಒಂದೇ ಕೋಣೆಯಲ್ಲಿ ಕಲಿಸುವ ಬಗೆ ಕರ್ನಾಟಕಕ್ಕೆ ಹೊಸದಲ್ಲ. ಹೆಗ್ಗಡದೇವನಕೋಟೆಯಲ್ಲಿ 1995ರ ಹೊತ್ತಿಗೆ ಶುರುವಾಗಿ ಆಮೇಲೆ ರಾಜ್ಯದ ಸರ್ಕಾರಿ ಶಾಲೆಗಳಿಗೆ ಹರಡಿದ ನಲಿ-ಕಲಿಯಲ್ಲಿ ಒಂದರಿಂದ ಮೂರನೇ ತರಗತಿಯ ಮಕ್ಕಳು ಒಟ್ಟಿಗೆ ಕೂರುತ್ತಾರೆ. ಶಿಕ್ಷಕರ ಪೂರ್ತಿ ನೆರವು, ಶಿಕ್ಷಕರ ಭಾಗಶಃ ನೆರವು, ಸಹಪಾಠಿಗಳ ಪೂರ್ತಿ ನೆರವು, ಸಹಪಾಠಿಗಳ ಭಾಗಶಃ ನೆರವು, ಸ್ವಂತ ಕಲಿಕೆ ಅಂತ ಐದು ಗುಂಪು. ಮಗು ಕಲಿತ ಹಾಗೆ ಒಂದರಿಂದ ಇನ್ನೊಂದಕ್ಕೆ ಸರಿಯುತ್ತದೆ. ಈ ವಿಂಗಡಣೆಯನ್ನು ಮನೆಗೆ ತಂದುಕೊಳ್ಳಿ. ಜಮಖಾನ ಹಾಸುವ ಮುಂಚೆ ಮನಸ್ಸಿನಲ್ಲೇ ಕೇಳಿಕೊಳ್ಳಿ: ಇವತ್ತು ಯಾರಿಗೆ ನಾನು ಪೂರ್ತಿ ಬೇಕು, ಯಾರಿಗೆ ಅಕ್ಕ ಸಾಕು, ಯಾರು ತಾನೇ ಮಾಡಿಕೊಳ್ಳಬಲ್ಲರು? ಮೂವರಿಗೂ ನೀವೇ ಪೂರ್ತಿ ಬೇಕಾದ ಕೆಲಸವನ್ನು ಒಂದೇ ದಿನ ಇಟ್ಟುಕೊಂಡರೆ ಆ ದಿನ ಕೆಟ್ಟಿತು.

ಓದು ಮುಗಿದ ಮೇಲೆ ಲೆಕ್ಕ. ಚಿಕ್ಕವಳಿಗೆ 10ರಿಂದ 15 ನಿಮಿಷ, ನಡುವಿನವನಿಗೆ 25, ದೊಡ್ಡವಳಿಗೆ 40. ದೊಡ್ಡವಳು ನಿನ್ನೆ ತಪ್ಪಿದ ಲೆಕ್ಕಗಳನ್ನು ತಾನೇ ತಿದ್ದಲು ಕೂರಲಿ. ಆಗ ನೀವು ಚಿಕ್ಕವಳ ಜೊತೆ. ಅವಳದ್ದು ಮುಗಿದ ಮೇಲೆ ನೆಲದ ಮೇಲೆ ಚುಕ್ಕಿ ಇಡಲು ಬಳಪ ಕೊಡಿ: ಸಾಲಿಗೆ 1, 3, 5, 7, 5, 3, 1. ಒಟ್ಟು 25 ಬಂತೇ ಅಂತ ಅವಳು ಎಣಿಸುವಷ್ಟರಲ್ಲಿ ನೀವು ನಡುವಿನವನ ಪಕ್ಕ ಇರುತ್ತೀರಿ. ಕೊನೆಯ 15 ನಿಮಿಷ ದೊಡ್ಡವಳಿಗೆ. ಚಿಕ್ಕವರು ಅಂಗಳಕ್ಕೆ ಹೋಗಿಯಾಗಿದೆ, ಅವಳ ಪ್ರಶ್ನೆಗೆ ನಿಮ್ಮ ಕಿವಿ ಪೂರ್ತಿ ಸಿಗುತ್ತದೆ.

ಹನ್ನೊಂದಕ್ಕೆ ಜಮಖಾನ ಮಡಚಿಡಿ. ಆಮೇಲೆ ಏನನ್ನೂ “ಕಲಿಸಲು” ಹೋಗಬೇಡಿ. ತೋಟ, ಅಡುಗೆಮನೆ, ಸೈಕಲ್ಲು, ಆಟ, ಅವರವರ ಹುಚ್ಚು. ಎಂಟು ಗಂಟೆಯ ಶಾಲೆಯನ್ನು ಮನೆಯಲ್ಲಿ ಎಂಟು ಗಂಟೆ ಮಾಡಬೇಕು ಅನ್ನುವುದು ತಪ್ಪು ಎಣಿಕೆ. ಶಾಲೆಯಲ್ಲಿ ಸಾಲು ನಿಲ್ಲುವುದಕ್ಕೆ, ಹಾಜರಿಗೆ, ಉಳಿದ ಮಕ್ಕಳು ಬರೆದು ಮುಗಿಸುವುದಕ್ಕೆ ಕಾಯುವ ಹೊತ್ತು ಮನೆಯಲ್ಲಿಲ್ಲ.

ಅಕ್ಷರ: ರಗಸದಅ

ಐದರ ಮಗುವಿಗೆ ಅ ಆ ಇ ಈ ಇಂದ ಶುರುಮಾಡಿದರೆ ಎಲ್ಲ ಸ್ವರ ಮುಗಿದರೂ ಓದಲು ಒಂದು ಒಳ್ಳೆಯ ಪದ ಸಿಗುವುದಿಲ್ಲ. ನಮ್ಮ ಒಂದನೇ ತರಗತಿಯ ಹಳೆಯ ಕ್ರಮ ರ, ಗ, ಸ, ದ, ಅ ಇಂದ ಹೊರಡುತ್ತಿದ್ದುದಕ್ಕೆ ಕಾರಣವಿದೆ. ಆಕಾರಗಳು ಒಂದಕ್ಕೊಂದು ಹತ್ತಿರ, ಮತ್ತು ಐದೇ ಅಕ್ಷರಕ್ಕೆ ರಸ, ಸರ, ಅರಸ, ಅಗಸ, ಗರಗಸ ಓದಿಬಿಡಬಹುದು. ಮೊದಲ ವಾರದಲ್ಲೇ “ನಾನು ಓದಿದೆ” ಅನ್ನುವ ಸಂತೋಷ ಮಗುವಿಗೆ ಸಿಗುತ್ತದೆ.

ಹಳೆಯ ಲಗ್ನಪತ್ರಿಕೆಗಳ ಖಾಲಿ ಬದಿಯನ್ನು 5 ಸೆಂ.ಮೀ. ಚೌಕಕ್ಕೆ ಕತ್ತರಿಸಿ, ಒಂದೊಂದು ಅಕ್ಷರವನ್ನು ನಾಲ್ಕು ನಾಲ್ಕು ಚೀಟಿಯಲ್ಲಿ ದಪ್ಪ ಪೆನ್ನಿನಿಂದ ಬರೆಯಿರಿ. ಗರಗಸಕ್ಕೆ ಎರಡು ‘ಗ’ ಬೇಕು, ಒಂದೇ ಚೀಟಿ ಇದ್ದರೆ ಆಟ ಅಲ್ಲೇ ನಿಲ್ಲುತ್ತದೆ. ಚೀಟಿ ಜೋಡಿಸುವ ಕೆಲಸವನ್ನು ನಡುವಿನವನಿಗೆ ಬಿಡಿ. ಅವನು ಪದ ಕಟ್ಟಲಿ, ಅವಳು ಓದಲಿ. ಬರೆಯುವುದು ಸ್ಲೇಟಿನ ಮೇಲೆ, ದೊಡ್ಡದಾಗಿ, ದಿನಕ್ಕೆ ಐದು ನಿಮಿಷ. ಎರಡು ಗೆರೆ ಪುಸ್ತಕಕ್ಕೆ ಬೆರಳು ಗಟ್ಟಿಯಾಗುವ ತನಕ, ಆರು ಆರೂವರೆ ತುಂಬುವ ತನಕ, ಅವಸರ ಬೇಡ.

ಒಂದೇ ವಾರದಲ್ಲಿ ಒಟ್ಟಿಗೆ ಕೊಡಬಾರದ ಜೋಡಿಗಳಿವೆ: ವ ಮತ್ತು ಮ, ಪ ಮತ್ತು ಷ, ದ ಮತ್ತು ಧ, ಬ ಮತ್ತು ಭ. ಒಂದು ಗಟ್ಟಿಯಾದ ಮೇಲೆ ಇನ್ನೊಂದು. ಕಾಗುಣಿತವನ್ನು ಸರಾಗ ಓದುವ ಮಗು ಒತ್ತಕ್ಷರದಲ್ಲಿ ನಿಂತುಬಿಡುವುದು ತೀರ ಸಾಮಾನ್ಯ. ‘ಪುಸ್ತಕ’ವನ್ನು ‘ಪುಸತಕ’ ಅನ್ನುತ್ತದೆ. ತಿದ್ದಿ ತಿದ್ದಿ ಓದಿಸುವುದಕ್ಕಿಂತ ಬಸ್ಸಿನ ಬೋರ್ಡು ತೋರಿಸಿ. ಚಿಕ್ಕಬಳ್ಳಾಪುರ, ಶಿವಮೊಗ್ಗ, ಕೊಳ್ಳೇಗಾಲ. ಬಾಯಿಗೆ ಮೊದಲೇ ಗೊತ್ತಿರುವ ಹೆಸರಾದ್ದರಿಂದ ಕಣ್ಣು ಒತ್ತನ್ನು ತಾನೇ ಹಿಡಿಯುತ್ತದೆ. ಸಜಾತಿ ಒತ್ತು ಮೊದಲು, ವಿಜಾತಿ ಆಮೇಲೆ, ‘ಧರ್ಮ’ದಂಥ ಅರ್ಕಾವೊತ್ತಿನ ಪದ ಕೊನೆಗೆ.

ಲೆಕ್ಕ: ತಾನಾಗಿ ಬಾರದ್ದು ಯಾವುದು

ಸಡಿಲ ಕಲಿಕೆಯಲ್ಲಿ ಮಾತು, ಓದು, ಗಿಡ ಮರ ಹಕ್ಕಿ, ಚರಿತ್ರೆ ಇವೆಲ್ಲ ಮನೆಯ ಮಾತುಕತೆಯಲ್ಲೇ ಬಹಳಷ್ಟು ಬರುತ್ತವೆ. ಮಗ್ಗಿ, ಭಾಗಾಕಾರ, ಭಿನ್ನರಾಶಿ ಬರುವುದಿಲ್ಲ. ಬರುತ್ತವೆ ಅಂತ ಕಾದವರು ಮಗುವಿಗೆ ಹನ್ನೊಂದಾದಾಗ ಪರದಾಡುತ್ತಾರೆ. ಆದ್ದರಿಂದ ಪಠ್ಯಕ್ರಮ ಇಲ್ಲದಿದ್ದರೂ ಈ ಮೂರಕ್ಕೆ ದಿನವೂ ಹೊತ್ತು ಮೀಸಲಿಡಿ.

ಮಗ್ಗಿಯನ್ನು ಸಂಜೆ ದೀಪ ಹಚ್ಚಿದ ಮೇಲೆ ಮೂವರೂ ಒಟ್ಟಿಗೆ ಹೇಳಲಿ. ಎರಡೊಂದ್ಲ ಎರಡು, ಎರಡೆರಡ್ಲ ನಾಲ್ಕು ಅನ್ನುವ ರಾಗ ಐದರ ಮಗುವಿಗೆ ಹಾಡಿನ ಹಾಗೆ ಅಂಟುತ್ತದೆ, ಅರ್ಥ ಆಮೇಲೆ ಬರಲಿ. ಮನೆಯಲ್ಲಿ ಅಜ್ಜನೋ ಅಜ್ಜಿಯೋ ಇದ್ದರೆ ಕಾಲು, ಅರೆ, ಮುಕ್ಕಾಲು ಮಗ್ಗಿ ಬರುತ್ತದೆಯೇ ಕೇಳಿ ನೋಡಿ. ಬಂದರೆ ಅದೊಂದು ನಿಧಿ. ದೊಡ್ಡವಳ ಭಿನ್ನರಾಶಿ ಅಲ್ಲಿಂದಲೇ ಶುರುವಾಗಲಿ.

ಭಿನ್ನರಾಶಿಗೆ ಅಟ್ಟದ ಮೇಲಿನ ಪಾವು, ಅಚ್ಚೇರು, ಸೇರು ಇಳಿಸಿ. ಸೇರಿನ ಅಳತೆ ಊರಿಂದ ಊರಿಗೆ ಬೇರೆ ಇರಬಹುದು, ಪಾಲು ಮಾತ್ರ ಅದೇ: ಸೇರಿನ ಅರ್ಧ ಅಂದರೆ ಅಚ್ಚೇರು, ಸೇರಿನ ಕಾಲು ಅಂದರೆ ಪಾವು. ಇವಿಲ್ಲದಿದ್ದರೆ ಒಂದೇ ಅಳತೆಯ ಲೋಟ ಮತ್ತು ಸರಿಯಾಗಿ ನಾಲ್ಕು ಲೋಟ ಹಿಡಿಯುವ ಡಬ್ಬ ಹುಡುಕಿಕೊಳ್ಳಿ. “ಮುಕ್ಕಾಲು ಸೇರು ಅಕ್ಕಿಯಲ್ಲಿ ಎಷ್ಟು ಪಾವು?” ಅಂತ ಕೇಳಿ ಅಳೆಯಲು ಬಿಡಿ. ಮೂರು ಅಂತ ಕೈಯೇ ಹೇಳುತ್ತದೆ. 3/4 ಅನ್ನು 1/4ರಿಂದ ಭಾಗಿಸಿದರೆ 3 ಅನ್ನುವುದನ್ನು ಆಮೇಲೆ ಕಾಗದದ ಮೇಲೆ ಬರೆದರೆ ಅವಳಿಗೆ ಅದು ಕಂಡ ಮಾತು. 1/4ಕ್ಕಿಂತ 1/8 ದೊಡ್ಡದು ಅನ್ನುವ ತಪ್ಪು ಎಲ್ಲ ಮಕ್ಕಳೂ ಮಾಡುತ್ತಾರೆ, 4ಕ್ಕಿಂತ 8 ದೊಡ್ಡದಲ್ಲವೇ ಅಂತ. ಅರ್ಧ ಪಾವನ್ನು ಪಾವಿನ ಪಕ್ಕ ಇಟ್ಟು ತೋರಿಸಿದರೆ ಈ ತಪ್ಪು ಅಲ್ಲಿಗೆ ಮುಗಿಯುತ್ತದೆ.

ಒಂದೇ ಆಟದಲ್ಲಿ ಮೂರು ಪಾಠ

ಹಲವು ಮಕ್ಕಳಿಗೆ ಒಟ್ಟಿಗೆ ಕಲಿಸುವಾಗ ಹುಡುಕಬೇಕಾದದ್ದು, ಐದರವಳೂ ಹನ್ನೆರಡರವಳೂ ಒಂದೇ ಕಡೆ ಕೂತು ಬೇರೆ ಬೇರೆ ಆಳಕ್ಕೆ ಇಳಿಯಬಲ್ಲ ಕೆಲಸವನ್ನು. ಚೌಕಾಬಾರ ಅಂಥದ್ದು.

ನೆಲದ ಮೇಲೆ 5×5 ಮನೆ ಬರೆಯಿರಿ. ನಾಲ್ಕು ಅಂಚಿನ ನಡುಮನೆಗೂ ನಟ್ಟನಡುವಿನ ಮನೆಗೂ ಅಡ್ಡಗೆರೆ ಎಳೆಯಿರಿ. ಒಬ್ಬೊಬ್ಬರಿಗೆ ನಾಲ್ಕು ಕಾಯಿ. ಹೊರಸುತ್ತು 16 ಮನೆ, ಒಳಸುತ್ತು 8, ನಡುವೆ 1. ನಾಲ್ಕು ಕವಡೆ ಹಾಕಿದಾಗ ಎಷ್ಟು ಬಾಯಿ ಮೇಲೆ ಬಿತ್ತೋ ಅಷ್ಟು ನಡೆ. ನಾಲ್ಕೂ ಮೇಲಾದರೆ ಚೌಕ, ನಾಲ್ಕೂ ಕವುಚಿ ಬಿದ್ದರೆ ಬಾರ, ಅಂದರೆ ಎಂಟು. ಕವಡೆ ಸಿಗದಿದ್ದರೆ ಹುಣಸೆಬೀಜದ ಒಂದು ಬದಿಯನ್ನು ಕಲ್ಲಿನ ಮೇಲೆ ಬಿಳಿ ಕಾಣುವ ತನಕ ಉಜ್ಜಿಕೊಳ್ಳಿ.

ಚಿಕ್ಕವಳಿಗೆ ಇದು ಎಣಿಕೆ. ಕಾಯಿಯನ್ನು ಮನೆ ಬಿಡದೆ ನಡೆಸುವುದೇ ಅವಳ ಪಾಠ. ಮೊದಮೊದಲು ಕಾಯಿ ಇರುವ ಮನೆಯನ್ನೂ ಸೇರಿಸಿ ಒಂದು ಅನ್ನುತ್ತಾಳೆ, ತಿದ್ದಬೇಕಾದ್ದು ಅದೊಂದನ್ನೇ. ನಡುವಿನವನ ಕೈಗೆ ನೋಟ್‌ಬುಕ್ಕು ಕೊಟ್ಟು 1, 2, 3, 4, 8 ಅಂತ ಐದು ಕಂಬ ಹಾಕಿಸಿ. ಬಿದ್ದ ಗರಕ್ಕೆಲ್ಲ ಗೀಟು ಎಳೆಯಲಿ, ಐದನೆಯದು ಅಡ್ಡಗೀಟು. ದಿನಕ್ಕೆ 40 ಸಲದಂತೆ ನಾಲ್ಕು ದಿನಕ್ಕೆ 160.

ಅಷ್ಟರಲ್ಲಿ ದೊಡ್ಡವಳು ನಾಲ್ಕು ಕವಡೆ ಬೀಳಬಹುದಾದ ಬಗೆಗಳನ್ನೆಲ್ಲ ಬರೆಯಲಿ. ಒಂದೊಂದಕ್ಕೂ ಎರಡು ಬಗೆ, ಆದ್ದರಿಂದ ಒಟ್ಟು 16. ಒಂದೇ ಬಾಯಿ ಮೇಲಾಗುವುದು 4 ಬಗೆಯಲ್ಲಿ, ಎರಡು 6 ಬಗೆಯಲ್ಲಿ, ಮೂರು 4 ಬಗೆಯಲ್ಲಿ, ಚೌಕ 1, ಬಾರ 1. ಎರಡೂ ಬದಿ ಸಮವಾಗಿ ಬೀಳುವುದಾದರೆ 160 ಸಲದಲ್ಲಿ ಒಂದು 40 ಸಲ, ಎರಡು 60, ಮೂರು 40, ಚೌಕ 10, ಬಾರ 10 ಬರಬೇಕು. ತಮ್ಮನ ಪಟ್ಟಿಯನ್ನು ಪಕ್ಕಕ್ಕಿಟ್ಟುಕೊಂಡು ನೋಡಿದರೆ ಹಾಗೆ ಬಂದಿರುವುದು ಅಪರೂಪ. ಯಾಕೆ ಅಂತ ಅವಳು ಹುಡುಕಲಿ. ಕವಡೆಯ ಬೆನ್ನು ಉಬ್ಬು, ಬಾಯಿ ಚಪ್ಪಟೆ, ಎರಡೂ ಬದಿ ಒಂದೇ ಥರ ಬೀಳುವುದಿಲ್ಲ. ಮಾರನೇ ವಾರ ಕವಡೆ ಬದಲು ನಾಲ್ಕು ನಾಣ್ಯದಲ್ಲಿ 160 ಸಲ ಹಾಕಿಸಿ ಎರಡು ಪಟ್ಟಿ ಹೋಲಿಸಲಿ. ನಾಣ್ಯದ್ದು ಲೆಕ್ಕಕ್ಕೆ ಹತ್ತಿರ ಬರುತ್ತದೆ. ಸಂಭವನೀಯತೆ ಅನ್ನುವ ಪದವನ್ನು ಇದಾದ ಮೇಲೆ ಹೇಳಿದರೆ ಸಾಕು.

ಇದು ಕೆಡುವುದು ಎರಡು ಕಡೆ. ಮಕ್ಕಳು ಬೇಕಾದ ಗರ ಬೀಳಲಿ ಅಂತ ಕವಡೆಯನ್ನು ಮೆಲ್ಲಗೆ ಜಾರಿಸುತ್ತಾರೆ, ಆಗ ಪಟ್ಟಿ ಸುಳ್ಳಾಗುತ್ತದೆ. ಎರಡೂ ಅಂಗೈಯಲ್ಲಿ ಕುಲುಕಿ ಹಾಕಬೇಕು ಅನ್ನುವ ನಿಯಮ ಇರಲಿ. ಇನ್ನೊಂದು, ಸೋಲುತ್ತಿರುವವನ ಕೈಯಲ್ಲೇ ಗೀಟು ಹಾಕಿಸುವುದು. ಅವನಿಗೆ ಆಟದ ಮೇಲೆ ಸಿಟ್ಟು, ಗೀಟು ತಪ್ಪುತ್ತವೆ. ಪಟ್ಟಿಗೆ ಹಾಕುವ 40 ಗರವನ್ನು ಆಟ ಮುಗಿದ ಮೇಲೆ ಬೇರೆಯಾಗಿ ಹಾಕಿಸಿ.

ಮಳೆ ಅಳೆಯುವ ಬಾಟಲಿ

ಜೂನ್‌ನಿಂದ ಅಕ್ಟೋಬರ್ ತನಕ ವಿಜ್ಞಾನಕ್ಕೆ ಬೇರೇನೂ ಬೇಡ ಅನ್ನುವಷ್ಟು ಇದರಲ್ಲಿದೆ. ಮೈ ನೇರವಾಗಿರುವ 2 ಲೀಟರ್ ಪ್ಲಾಸ್ಟಿಕ್ ಬಾಟಲಿ ತೆಗೆದುಕೊಂಡು, ಭುಜ ಬಾಗಲು ಶುರುವಾಗುವ ಕಡೆ ಸುತ್ತ ಕತ್ತರಿಸಿ. ಮೇಲ್ತುಂಡನ್ನು ಮುಚ್ಚಳ ತೆಗೆದು ತಲೆಕೆಳಗಾಗಿ ಕೂರಿಸಿದರೆ ಆಲಿಕೆ ಸಿದ್ಧ. ತಳ ಗುಂಡಿ ಗುಂಡಿಯಾಗಿರುತ್ತದೆ, ಅಲ್ಲಿ ಅಳತೆ ತಪ್ಪುತ್ತದೆ. ಆದ್ದರಿಂದ ತಳಕ್ಕೆ ಸಣ್ಣ ಕಲ್ಲು ಹಾಕಿ, ಮೈ ನೇರವಾಗುವ ತನಕ ನೀರು ತುಂಬಿ, ಅಲ್ಲಿ ಸೊನ್ನೆ ಗುರುತು ಹಾಕಿ. ಮೇಲಕ್ಕೆ ಮಿಲಿಮೀಟರ್ ಗುರುತಿನ ಕಾಗದ ಅಂಟಿಸಿ ಪಾರದರ್ಶಕ ಟೇಪು ಸುತ್ತಿ. ಸೂರಿನ ಕೆಳಗೆ, ಮರದ ಬುಡದಲ್ಲಿ ಇಡಬೇಡಿ, ತೆರೆದ ಕಡೆ ಇಟ್ಟಿಗೆಗಳ ನಡುವೆ ನಿಲ್ಲಿಸಿ. ಹವಾಮಾನ ಇಲಾಖೆ ದಿನದ ಮಳೆ ಲೆಕ್ಕ ತೆಗೆಯುವುದು ಬೆಳಿಗ್ಗೆ 8.30ಕ್ಕೆ, ನೀವೂ ಆ ಹೊತ್ತಿಗೇ ನೋಡಿ ನೀರನ್ನು ಸೊನ್ನೆಗೆ ಇಳಿಸಿ. ಬಿಸಿಲ ದಿನಗಳಲ್ಲಿ ತಳದ ನೀರು ಆರಿ ಸೊನ್ನೆ ಕೆಳಗಿಳಿಯುತ್ತದೆ, ಸೇರಿಸುತ್ತಿರಿ.

ಚಿಕ್ಕವಳು ಗೆರೆ ನೋಡಿ ಹೇಳುತ್ತಾಳೆ, ನಡುವಿನವನು ಕ್ಯಾಲೆಂಡರಿನ ಚೌಕದಲ್ಲಿ ಬರೆದು ತಿಂಗಳ ಕೊನೆಗೆ ಕೂಡುತ್ತಾನೆ. ಅದೇ ಕ್ಯಾಲೆಂಡರಿನಲ್ಲಿ ಮಳೆನಕ್ಷತ್ರಗಳೂ ಇರುತ್ತವೆ. 27 ನಕ್ಷತ್ರ, 365 ದಿನ, ಒಂದಕ್ಕೆ ಎಷ್ಟು ದಿನ ಅಂತ ಭಾಗಿಸಿದರೆ ಹದಿಮೂರೂವರೆ ಬರುತ್ತದೆ, ಶೇಷ ಅಂದರೇನು ಅಂತ ಅಲ್ಲೇ ತಿಳಿಯುತ್ತದೆ. ಭರಣಿ ಮಳೆ ಬಂದರೆ ಧರಣಿಯೆಲ್ಲ ಬೆಳೆ ಅನ್ನುವ ಗಾದೆ ನಿಮ್ಮೂರಿಗೆ ಈ ವರ್ಷ ನಿಜವಾಯಿತೇ ಅಂತ ಪಕ್ಕದ ಹೊಲದವರನ್ನು ಕೇಳಿ ಬರಲಿ. ದೊಡ್ಡವಳಿಗೆ ತಾರಸಿ ಲೆಕ್ಕ: ಒಂದು ಚದರ ಮೀಟರ್ ಮೇಲೆ 1 ಮಿ.ಮೀ. ಮಳೆ ಅಂದರೆ 1 ಲೀಟರ್. 100 ಚದರ ಮೀಟರ್ ತಾರಸಿಗೆ 25 ಮಿ.ಮೀ. ಬಿದ್ದರೆ 2,500 ಲೀಟರ್. ಆಗುಂಬೆಯಲ್ಲಿ ವರ್ಷಕ್ಕೆ ಸರಾಸರಿ 7,000 ಮಿ.ಮೀ. ಮೇಲೆ, ಬೆಂಗಳೂರಿನಲ್ಲಿ 1,000ಕ್ಕೂ ಸ್ವಲ್ಪ ಕಡಿಮೆ. ಯಾಕಿಷ್ಟು ವ್ಯತ್ಯಾಸ ಅನ್ನುವ ಪ್ರಶ್ನೆ ಪಶ್ಚಿಮಘಟ್ಟದ ನಕ್ಷೆಯನ್ನು ಬಿಚ್ಚಿಸುತ್ತದೆ. ಗೋಡೆಯ ನಕ್ಷೆಯನ್ನು ಐದರವಳ ಕಣ್ಣಿನ ಎತ್ತರಕ್ಕೆ ಅಂಟಿಸಿ, ದೊಡ್ಡವರು ಬಗ್ಗಲಿ.

ಬರವಣಿಗೆ, ಇಂಗ್ಲಿಷು

ಬರೆಯುವುದಕ್ಕೆ ನಿಜವಾದ ಕಾರಣ ಕೊಡಿ: ಸಂತೆಯ ಚೀಟಿ, ಅಜ್ಜಿಗೆ ಅಂಚೆ ಕಾರ್ಡು, ಮಳೆ ಪಟ್ಟಿಯ ಕೆಳಗೆ ಎರಡು ಸಾಲು. ಎಂಟರವನಿಗೆ ದಿನಕ್ಕೆ ಐದು ಸಾಲು, ಹನ್ನೆರಡರವಳಿಗೆ ವಾರಕ್ಕೆ ಒಂದು ಪುಟ ತಿದ್ದಿ ಮತ್ತೆ ಬರೆದದ್ದು. ಒಂದು ಬರಹದಲ್ಲಿ ಒಂದೇ ಥರದ ತಪ್ಪು ತಿದ್ದಿ. ಕೆಂಪು ಶಾಯಿ ತುಂಬಿದ ಪುಟವನ್ನು ಯಾವ ಮಗುವೂ ಎರಡನೇ ಸಲ ನೋಡುವುದಿಲ್ಲ. ಇಂಗ್ಲಿಷಿಗೆ ಕನ್ನಡದ ಓದು ಸರಾಗವಾಗುವ ತನಕ ಕಿವಿಯ ಪರಿಚಯ ಸಾಕು: ದಿನಕ್ಕೆ 20 ನಿಮಿಷ ಗಟ್ಟಿ ಓದು. ಕನ್ನಡ ಗಟ್ಟಿಯಾದ ಮಗು ಎಂಟು ಒಂಬತ್ತಕ್ಕೆ ಇಂಗ್ಲಿಷು ಓದಲು ಹೆಣಗುವುದು ಕಡಿಮೆ.

ಬರೆದಿಡುವುದು, ಅಳೆದು ನೋಡುವುದು

ಒಂದು 200 ಪುಟದ ನೋಟ್‌ಬುಕ್ಕು, ರಾತ್ರಿ ಐದು ನಿಮಿಷ, ಮಗುವಿಗೆ ಒಂದೊಂದು ಸಾಲು. “7ರ ಮಗ್ಗಿಯಲ್ಲಿ ಏಳೆಂಟಕ್ಕೆ ನಿಂತ.” “ಕೊಳ್ಳೇಗಾಲ ಓದಿದಳು.” ಇಷ್ಟೇ. ಮುಂದಿನ ವಾರ ಏನು ಮಾಡಬೇಕು ಅನ್ನುವುದಕ್ಕೆ ಹಿಂದಿನ ವಾರದ ಈ ಸಾಲುಗಳೇ ಪಠ್ಯಕ್ರಮ. ಜೊತೆಗೆ ಒಬ್ಬೊಬ್ಬರಿಗೆ ಒಂದು ರಟ್ಟಿನ ಪೆಟ್ಟಿಗೆ, ತಿಂಗಳಿಗೆ ಎರಡು ಬರಹ, ಒಂದು ಚಿತ್ರ, ಒಂದು ಪುಟ ಲೆಕ್ಕ, ದಿನಾಂಕ ಹಾಕಿ.

ವರ್ಷಕ್ಕೆರಡು ಸಲ ಸರ್ಕಾರಿ ಪಠ್ಯಪುಸ್ತಕವನ್ನು ಅಳತೆಗೋಲಾಗಿ ಬಳಸಿ. ಕರ್ನಾಟಕ ಪಠ್ಯಪುಸ್ತಕ ಸಂಘದ ತಾಣದಲ್ಲಿ ಎಲ್ಲ ತರಗತಿಯ ಪುಸ್ತಕಗಳೂ ಉಚಿತ. ಎಂಟರವನಿಗೆ ಮೂರನೇ ತರಗತಿಯ ಗಣಿತದಲ್ಲಿ ಒಂದೊಂದು ಪಾಠದ ಕೊನೆಯಿಂದ ಎರಡೆರಡು ಲೆಕ್ಕ ಕೊಡಿ, ಒಂದೇ ದಿನ ಬೇಡ, ವಾರದಲ್ಲಿ ಹರಡಿ. ಬಾರದ ಪಾಠವಷ್ಟೇ ಮುಂದಿನ ಆರು ತಿಂಗಳಿನ ಕೆಲಸ. ಅಂಕ ಹಾಕಬೇಡಿ, ಅಕ್ಕ ತಮ್ಮನ ಹಾಳೆಗಳನ್ನು ಒಂದೇ ಕಡೆ ಇಡಬೇಡಿ.

ಎಲ್ಲಿ ಕೆಡುತ್ತದೆ

ಹೆಚ್ಚು ಮಕ್ಕಳಿರುವ ಮನೆಯಲ್ಲಿ ಮೊದಲು ಸವೆಯುವುದು ದೊಡ್ಡ ಮಗಳು. ಅವಳನ್ನು ಸಂಬಳವಿಲ್ಲದ ಟೀಚರು ಮಾಡಿಬಿಡುವುದು ಬಹಳ ಸುಲಭ, ಅದೂ ಹೆಣ್ಣುಮಗುವಾದರೆ ಯಾರಿಗೂ ಗೊತ್ತೇ ಆಗದ ಹಾಗೆ ನಡೆದುಹೋಗುತ್ತದೆ. ಚಿಕ್ಕವರಿಗೆ ಅವಳು ಹೇಳಿಕೊಡುವುದು ದಿನಕ್ಕೆ 15 ನಿಮಿಷ ಮೀರದಿರಲಿ, ಬೇಡ ಅನ್ನುವ ಹಕ್ಕೂ ಅವಳಿಗಿರಲಿ. ಮಧ್ಯಾಹ್ನ ಎರಡು ಗಂಟೆ ಹೊತ್ತು, ಬಾಗಿಲು ಮುಚ್ಚಿಕೊಳ್ಳಬಹುದಾದ ಒಂದು ಮೂಲೆ ಅವಳಿಗೆ ಬೇಕೇ ಬೇಕು.

ತಂಗಿ ಅಣ್ಣನಿಗಿಂತ ಮುಂಚೆ ಓದಲು ಕಲಿತರೆ ಮನೆಯಲ್ಲಿ ಬಿರುಗಾಳಿ. ಅಣ್ಣನ ಎದುರಿಗೆ ತಂಗಿಯ ಕೈಯಲ್ಲಿ ಓದಿಸಬೇಡಿ, ಅವನಿಗೆ ಕೈಬಂದ ಬೇರೆ ಕೆಲಸವನ್ನು, ಸೈಕಲ್ ಪಂಚರ್ ಹಾಕುವುದೋ ಚಪಾತಿ ಲಟ್ಟಿಸುವುದೋ, ಅವನ ಹೆಸರಿಗೇ ಬಿಡಿ. ಆದರೆ ಎಂಟೂವರೆ ದಾಟಿದರೂ ದಿನವೂ ಓದಿಸಿದ ಮೇಲೂ ಅಕ್ಷರ ತಲೆಕೆಳಗಾಗುತ್ತಿದ್ದರೆ, ಸಾಲು ತಪ್ಪುತ್ತಿದ್ದರೆ ತಾನಾಗಿ ಸರಿಹೋದೀತು ಅಂತ ಕಾಯಬೇಡಿ. ಕಣ್ಣು, ಕಿವಿ ಪರೀಕ್ಷೆ ಮಾಡಿಸಿ, ಕಲಿಕೆಯ ತೊಡಕು ಗುರುತಿಸುವ ತಜ್ಞರ ಹತ್ತಿರ ಹೋಗಿ.

ಮೊಬೈಲು ಜಮಖಾನ ಮುಗಿಯುವ ಮುಂಚೆ ಕೈಗೆ ಬಂದರೆ ಆ ದಿನ ಮತ್ತೇನೂ ರುಚಿಸುವುದಿಲ್ಲ. ಹೊತ್ತು ಗೊತ್ತುಮಾಡಿ, ಸಂಜೆಗೆ. ಗೆಳೆಯರ ಕೊರತೆಗೆ ಸಂಜೆಯ ಬೀದಿ ಆಟ, ವಾರಕ್ಕೊಮ್ಮೆ ಯಕ್ಷಗಾನದ ತರಗತಿಯೋ ಕಬಡ್ಡಿ ತಂಡವೋ, ಬೇಸಗೆಯಲ್ಲಿ ಮೈಸೂರಿನ ರಂಗಾಯಣದ ಚಿಣ್ಣರ ಮೇಳದಂಥ ಶಿಬಿರ ನೋಡಿ. ಒಂದು ದಿನಕ್ಕೆ ಬಂದು ಹೋಗುವ ಕಡೆಗಿಂತ ಅದೇ ಮಕ್ಕಳು ವಾರ ವಾರ ಸಿಗುವ ಕಡೆ ಮೇಲು. ಮದುವೆ ಮನೆಯಲ್ಲಿ “ಎಷ್ಟನೇ ಕ್ಲಾಸೋ?” ಅಂತ ಕೇಳುವವರಿಗೆ ಉತ್ತರವನ್ನು ಮನೆಯಲ್ಲೇ ರೂಢಿ ಮಾಡಿಸಿ: “ಮನೇಲೇ ಓದ್ತೀನಿ ಮಾವ, ನನಗೆ ಎಂಟು ವರ್ಷ.” ನಾಚಿಕೆಯಿಂದ ಹೇಳದಿದ್ದರೆ ಎರಡನೇ ಪ್ರಶ್ನೆ ಕಡಿಮೆಯಾಗುತ್ತದೆ.

ಕಲಿಸುವವರಿಗೂ ವಾರಕ್ಕೊಂದು ಬಿಡುವಿನ ಬೆಳಗು ಇರಬೇಕು. ಆ ದಿನ ಜಮಖಾನವನ್ನು ಮನೆಯ ಇನ್ನೊಬ್ಬ ದೊಡ್ಡವರು ಹಾಸಲಿ, ಅವರಿಗೆ ಬಂದದ್ದನ್ನು ಅವರು ಮಾಡಲಿ.

ಕಾಗದಪತ್ರ ಮತ್ತು ಪರೀಕ್ಷೆ

ಭಾರತದಲ್ಲಿ ಮನೆಕಲಿಕೆಗೆ ನೋಂದಣಿ ಇಲ್ಲ, ಅದಕ್ಕೆಂದೇ ಬರೆದ ಕಾನೂನೂ ಇಲ್ಲ. 2010ರ ಏಪ್ರಿಲ್ 1ರಿಂದ ಜಾರಿಯಲ್ಲಿರುವ ಶಿಕ್ಷಣ ಹಕ್ಕು ಕಾಯ್ದೆ 6ರಿಂದ 14 ವರ್ಷದ ಮಕ್ಕಳನ್ನು ನೆರೆಹೊರೆಯ ಶಾಲೆಗೆ ಸೇರಿಸುವುದು ಪೋಷಕರ ಕರ್ತವ್ಯ ಅನ್ನುತ್ತದೆ, ಸೇರಿಸದ ಪೋಷಕರಿಗೆ ಶಿಕ್ಷೆ ಹೇಳಿಲ್ಲ. ಇದನ್ನು ತಿಳಿದೇ ಹೆಜ್ಜೆ ಇಡಿ. ಶಾಲೆ ಬಿಡಿಸುವಾಗ ಟಿಸಿ, ಅಂಕಪಟ್ಟಿ ಪಡೆದು, ಎಸ್‌ಎಟಿಎಸ್ ಸಂಖ್ಯೆ, ಅಂದರೆ ಶಿಕ್ಷಣ ಇಲಾಖೆ ಒಬ್ಬೊಬ್ಬ ವಿದ್ಯಾರ್ಥಿಗೆ ಕೊಡುವ ಸಂಖ್ಯೆ, ಬರೆದುಕೊಂಡು ಜನನ ಪ್ರಮಾಣಪತ್ರದ ಜೊತೆ ಒಂದು ಫೈಲಿನಲ್ಲಿಡಿ. ಶಾಲೆಯಿಂದ ಹೊರಗುಳಿದ ಮಕ್ಕಳ ಸಮೀಕ್ಷೆಗೆ ಸಿಆರ್‌ಪಿ, ಅಂದರೆ ಶಿಕ್ಷಣ ಇಲಾಖೆಯ ಕ್ಲಸ್ಟರ್ ಸಂಪನ್ಮೂಲ ವ್ಯಕ್ತಿ, ಬಂದರೆ ಬಾಗಿಲಲ್ಲಿ ವಾದಕ್ಕಿಳಿಯಬೇಡಿ. ಕೂರಿಸಿ, ನೋಟ್‌ಬುಕ್ಕು, ರಟ್ಟಿನ ಪೆಟ್ಟಿಗೆ ತೋರಿಸಿ, ಮಗುವಿನ ಕೈಲೇ ಒಂದು ಪುಟ ಓದಿಸಿ. ಮನಸ್ಸು ಬದಲಾದರೆ ಅದೇ ಕಾಯ್ದೆಯ 4ನೇ ಸೆಕ್ಷನ್ ಪ್ರಕಾರ ಮಗುವನ್ನು ವಯಸ್ಸಿಗೆ ತಕ್ಕ ತರಗತಿಗೆ ಸೇರಿಸಬಹುದು.

ಹತ್ತನೇ ತರಗತಿಗೆ ಹೆಚ್ಚಿನವರು ಆರಿಸುವುದು ರಾಷ್ಟ್ರೀಯ ಮುಕ್ತ ಶಾಲಾ ಶಿಕ್ಷಣ ಸಂಸ್ಥೆ, ಅಂದರೆ ಎನ್‌ಐಒಎಸ್. ಬೆಂಗಳೂರಿನಲ್ಲಿ ಅದರ ಪ್ರಾದೇಶಿಕ ಕೇಂದ್ರವಿದೆ. ಸೆಕೆಂಡರಿಗೆ ಕನಿಷ್ಠ 14 ವರ್ಷ ತುಂಬಿರಬೇಕು, ಐದು ವಿಷಯ, ಅದರಲ್ಲಿ ಒಂದಾದರೂ ಭಾಷೆ. ಮುಖ್ಯ ಪರೀಕ್ಷೆ ವರ್ಷಕ್ಕೆರಡು ಸಲ, ಏಪ್ರಿಲ್-ಮೇ ಮತ್ತು ಅಕ್ಟೋಬರ್-ನವೆಂಬರ್. ಒಮ್ಮೆ ನೋಂದಾಯಿಸಿದರೆ ಐದು ವರ್ಷ ಸಿಂಧು, ಆದ್ದರಿಂದ ಐದನ್ನೂ ಒಟ್ಟಿಗೆ ಬರೆಯದೆ ಎರಡು, ಮೂರು ಅಂತ ಒಡೆದುಕೊಳ್ಳಬಹುದು. ರಾಜ್ಯದ ಎಸ್‌ಎಸ್‌ಎಲ್‌ಸಿಯನ್ನು ಖಾಸಗಿ ಅಭ್ಯರ್ಥಿಯಾಗಿ ಬರೆಯುವ ದಾರಿಯೂ ಇದೆ, ಅದಕ್ಕೆ ಆಯಾ ವರ್ಷದ ಪರೀಕ್ಷಾ ಮಂಡಳಿಯ ಸುತ್ತೋಲೆ ನೋಡಿ.

ಪರೀಕ್ಷೆಗೆ ಒಂದೂವರೆ ವರ್ಷ ಮುಂಚೆ, ಹದಿಮೂರೂವರೆಗೆ, ದೊಡ್ಡವಳ ದಿನ ಬೇರೆಯಾಗುತ್ತದೆ. ಆಗ ಅವಳಿಗೆ ಪಠ್ಯಪುಸ್ತಕ ಬೇಕು, ಹಳೆಯ ಪ್ರಶ್ನೆಪತ್ರಿಕೆ ಬೇಕು, ಮೂರು ಗಂಟೆ ಎಡೆಬಿಡದೆ ಕೂತು ಬರೆದು ರೂಢಿ ಬೇಕು. ಮೊದಲು ಅರ್ಧ ಗಂಟೆ, ತಿಂಗಳಿಗೆ ಅರ್ಧ ಗಂಟೆಯಂತೆ ಏರಿಸಿ. ಕೈ ನೋಯುವುದು ಮೊದಲ ಅಡ್ಡಿ, ಗೊತ್ತಿಲ್ಲದ್ದು ಎರಡನೆಯದು. ಒಂಬತ್ತಕ್ಕೆ ಜಮಖಾನ ಹಾಸಿದಾಗ ಓದುವ 20 ನಿಮಿಷಕ್ಕೆ ಅವಳೂ ಬರಲಿ. ಈಗ ಪುಸ್ತಕ ಅವಳ ಕೈಯಲ್ಲಿರಲಿ, ತಮ್ಮ ತಂಗಿಗೆ ಅವಳು ಓದಲಿ, ನೀವು ಕೇಳಿ.